ಮಾತಿಲ್ಲದ ಗಿಟಾರ್: ‘ಪೋಸ್ಟ್-ರಾಕ್’ ಸಂಗೀತದ ಆಸ್ವಾದನೆ

ಹಾಡೆಂದೊಡನೆ ಅದರ ಸಾಹಿತ್ಯವನ್ನು ಅರಸುವುದು ನಮ್ಮಲ್ಲಿ ಅನೇಕರ ರೂಢಿ. ಅಂಥ ಕಿವಿಗೆ, ಗಾಯಕನೇ ಇಲ್ಲದೆ ಕಾಲುಗಂಟೆ ನಡೆಯುವ ಪಾಶ್ಚಾತ್ಯ ಗಿಟಾರ್ ವಾದನವು ಬರಿಯ ಸದ್ದೆಂದು ತೋರುವುದು ಸಹಜವೇ. ಆದರೆ ಮಾತು ಇಲ್ಲವೆಂದ ಮಾತ್ರಕ್ಕೆ ಅರ್ಥವೂ ಇಲ್ಲವೆನ್ನಲಾಗದು. ಅದನ್ನು ಎಲ್ಲಿ ಅರಸಬೇಕೆಂಬುದೇ ಪ್ರಶ್ನೆ.

‘ಪೋಸ್ಟ್-ರಾಕ್’, ಎಂದರೆ ರಾಕ್ ಸಂಗೀತದ ಅನಂತರದ್ದು, ಎಂಬ ಹೆಸರನ್ನು 1994ರಲ್ಲಿ ರೂಢಿಗೆ ತಂದವರು ಆಂಗ್ಲ ವಿಮರ್ಶಕ ಸೈಮನ್ ರೆನಲ್ಡ್ಸ್. ರಾಕ್‌ನ ವಾದ್ಯಗಳನ್ನೇ ಹಿಡಿದು ರಾಕ್‌ನದಲ್ಲದ ಗುರಿಯನ್ನು ಸಾಧಿಸುವುದು ಇದರ ಲಕ್ಷಣವೆಂದು ಅವರು ಕಂಡರು. ಇಂಗ್ಲೆಂಡಿನ ‘ಟಾಕ್ ಟಾಕ್’ ವೃಂದವು 1988ರ ‘ಸ್ಪಿರಿಟ್ ಆಫ್ ಈಡನ್’ ಕೃತಿಯಲ್ಲಿ ಮೌನಕ್ಕೂ ಸ್ಥಾನವಿತ್ತು, ಈ ದಾರಿಯನ್ನು ಮೊದಲೇ ತೋರಿತ್ತು.

ಇಲ್ಲಿ ವಿದ್ಯುತ್ ಗಿಟಾರಿನ ಗುಣವನ್ನು ಅರಿಯಬೇಕು. ತಂತಿಯ ಕಂಪನವು ಅಯಸ್ಕಾಂತ ಮತ್ತು ತಂತಿಸುರುಳಿಗಳ ಮೂಲಕ ವಿದ್ಯುತ್ತಾಗಿ, ಆಂಪ್ಲಿಫೈಯರಿನಲ್ಲಿ ಬಲಗೊಂಡು, ಮತ್ತೆ ನಾದವಾಗುತ್ತದೆ. ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದರೆ ನಾದದ ಅಲೆಯ ನೆತ್ತಿ ಚಪ್ಪಟೆಯಾಗಿ ಹೊಸ ಉಪಸ್ವರಗಳು ಹುಟ್ಟುತ್ತವೆ. ನಾದವು ಒರಟಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಹೀಗೆ ಒಂದೇ ಸ್ವರವು ಪಿಸುಮಾತೂ ಆಗಬಲ್ಲದು, ಗುಡುಗೂ ಆಗಬಲ್ಲದು.

ಗ್ಲಾಸ್ಗೋ ನಗರದ ‘ಮೊಗ್ವಾಯ್’ ವೃಂದವು 1997ರಲ್ಲಿ ಹೊರತಂದ ‘ಮೊಗ್ವಾಯ್ ಫಿಯರ್ ಸೇಟನ್’ ಇದಕ್ಕೆ ಒಳ್ಳೆಯ ನಿದರ್ಶನ. ಕೆಲವೇ ಸ್ವರಮೇಳಗಳ ಒಂದು ಆವರ್ತವು ಸುಮಾರು 16 ನಿಮಿಷ ಮರಳಿ ಮರಳಿ ಬರುತ್ತದೆ. ಗಿಟಾರುಗಳು ಉಬ್ಬಿ ಇಳಿಯುತ್ತವೆ, ಡ್ರಮ್ಮುಗಳು ಬಿಡದೆ ನಡೆಯುತ್ತವೆ, ನಡುವೆ ಕೊಳಲೊಂದು ಸುಳಿಯುತ್ತದೆ. ನಮ್ಮ ಆಲಾಪನೆಯಲ್ಲಿ ಗಾಯಕನು ರಾಗದ ಸ್ವರಗಳನ್ನು ಒಂದೊಂದಾಗಿ ಅರಳಿಸುತ್ತಾನೆ. ಇಲ್ಲಿ ಸ್ವರಗಳು ಬಹುಮಟ್ಟಿಗೆ ಅವೇ ಉಳಿದು, ನಾದದ ಬಣ್ಣ, ಬಲ, ಸಾಂದ್ರತೆಗಳು ಬದಲಾಗುತ್ತವೆ. ರಾಗವಿಸ್ತಾರವನ್ನೇ ಬಯಸಿ ಕುಳಿತವನಿಗೆ ಇದು ಬಡ ಸಂಗೀತವೆನಿಸೀತು. ನಾದದ ಮೈಯನ್ನು ಗಮನಿಸುವವನಿಗೆ ಸಂಪನ್ನವಾಗಿ ಕಂಡೀತು.

ಆದುದರಿಂದ ಮೊದಲ ನಿಮಿಷದ ಆವರ್ತವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಅದು ಮರಳಿದಾಗಲೆಲ್ಲ ಏನು ಕೂಡಿತು, ಏನು ಕಳೆಯಿತು ಎಂದು ಕೇಳುತ್ತ ಹೋಗುವುದು ಒಳಿತು. ಮೆಲುದನಿಯಿಂದ ಅಬ್ಬರಕ್ಕೇರುವುದು ಈ ಪಂಥದಲ್ಲಿ ಎಷ್ಟೋ ಮಂದಿಗೆ ಸಿದ್ಧಸೂತ್ರವಾಗಿಬಿಟ್ಟಿದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಅಬ್ಬರವು ತನ್ನ ಹಿಂದಿನ ಮೌನದಿಂದಲೇ ಬೆಳೆದು ಬಂದಿತೇ, ಅಥವಾ ಹೊರಗಿನಿಂದ ಹೇರಿದ್ದೇ? ಉತ್ತಮ ಕೃತಿಯನ್ನು ಅನುಕರಣೆಯಿಂದ ಬೇರ್ಪಡಿಸಲು ರಸಿಕನಿಗೆ ಈ ಒಂದು ಪ್ರಶ್ನೆ ಸಾಕು.