ಸೂಪರ್‌ಮ್ಯಾನ್ ಸಾವಿನ ವ್ಯಾಪಾರ

1992ರ ನವೆಂಬರ್ 18ರಂದು ಅಮೆರಿಕದ ಕಾಮಿಕ್ಸ್ ಅಂಗಡಿಗಳ ಮುಂದೆ ಉದ್ದುದ್ದ ಸಾಲು. ಅಂದು ಮಾರಾಟಕ್ಕೆ ಬಂದದ್ದು ‘ಸೂಪರ್‌ಮ್ಯಾನ್’ 75ನೇ ಸಂಚಿಕೆ. ಕಪ್ಪು ಪ್ಲಾಸ್ಟಿಕ್ ಚೀಲದ ಮೇಲೆ ರಕ್ತ ಸೋರುವ ‘ಎಸ್’ ಲಾಂಛನ. ಒಳಗೆ ಪುಸ್ತಕದ ಜೊತೆಗೆ ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ, ಕಥೆಯೊಳಗಿನ ‘ಡೈಲಿ ಪ್ಲಾನೆಟ್’ ಪತ್ರಿಕೆಯ ನಿಧನವಾರ್ತೆ, ಅಂತ್ಯಕ್ರಿಯೆಯ ಪೋಸ್ಟರ್, ಅಂಚೆಚೀಟಿಗಳು. ಬೆಲೆ ಎರಡೂವರೆ ಡಾಲರ್.

ಸೂಪರ್‌ಮ್ಯಾನ್ ಪ್ರಕಾಶಕರಾದ ಡಿಸಿ ಕಾಮಿಕ್ಸ್ ಬಳಗ ಆ ವರ್ಷ ಮಾಡಬೇಕೆಂದಿದ್ದದ್ದು ನಾಯಕನ ತಿಥಿಯಲ್ಲ, ಮದುವೆ. ಸೂಪರ್‌ಮ್ಯಾನ್ ಆಗಿರುವ ಕ್ಲಾರ್ಕ್ ಕೆಂಟ್ ಮತ್ತು ಅವನ ಪ್ರೇಯಸಿ ಲೋಯಿಸ್ ಲೇನ್ ನಿಶ್ಚಿತಾರ್ಥ ಆಗಲೇ ಮುಗಿದಿತ್ತು. ಅಷ್ಟರಲ್ಲಿ ಅದೇ ಜೋಡಿಯ ಟಿ.ವಿ. ಧಾರಾವಾಹಿಗೆ ತಯಾರಿ ಶುರುವಾಗಿ, ಮದುವೆಯನ್ನು ಮುಂದೂಡಬೇಕಾಯಿತು. ಕಥೆ ಇಲ್ಲದೆ ಕೈಕಟ್ಟಿ ಕೂತ ಲೇಖಕರ ಸಭೆಯಲ್ಲಿ ಜೆರ್ರಿ ಆರ್ಡ್‌ವೇ, ಎಂದಿನ ತಮಾಷೆಯಂತೆ, ಅವನನ್ನು ಸಾಯಿಸಿಬಿಡೋಣ ಎಂದರು. ಸಂಪಾದಕ ಮೈಕ್ ಕಾರ್ಲಿನ್ ಈ ಸಲ ಅದನ್ನು ತಮಾಷೆಯಾಗಿ ಬಿಡಲಿಲ್ಲ.

ಪ್ರಚಾರದ ಗದ್ದಲದಲ್ಲಿ ಮರೆತುಹೋಗುವ ಸಂಗತಿಯೆಂದರೆ, ಕಥೆ ಹೇಳುವುದರಲ್ಲಿ ಈ ತಂಡ ಉದಾಸೀನ ಮಾಡಿರಲಿಲ್ಲ. ಡೂಮ್ಸ್‌ಡೇ ಎಂಬ ರಾಕ್ಷಸನೊಂದಿಗಿನ ಕಾಳಗದ ಕೊನೆಯ ನಾಲ್ಕು ಸಂಚಿಕೆಗಳನ್ನು ನೋಡಿ. ಮೊದಲನೆಯದರಲ್ಲಿ ಪುಟಕ್ಕೆ ನಾಲ್ಕು ಚಿತ್ರ, ಮುಂದಿನದರಲ್ಲಿ ಮೂರು, ಆಮೇಲೆ ಎರಡು. ಡ್ಯಾನ್ ಜರ್ಗೆನ್ಸ್ ಬರೆದು ಚಿತ್ರಿಸಿದ 75ನೇ ಸಂಚಿಕೆಯಲ್ಲಿ ಪುಟ ತುಂಬ ಒಂದೇ ಚಿತ್ರ. ಹೊಡೆತ ದೊಡ್ಡದಾಗುತ್ತ, ಸಮಯ ಮುಗಿಯುತ್ತ ಬರುವುದು ಮಾತಿಲ್ಲದೆಯೇ ಓದುಗನಿಗೆ ತಟ್ಟುತ್ತದೆ.

ಪತ್ರಿಕೆ, ಟಿ.ವಿ.ಗಳು ಸಾವಿನ ಸುದ್ದಿಯನ್ನು ಪುಕ್ಕಟೆಯಾಗಿ ಊರೆಲ್ಲ ಸಾರಿದವು. ಎಲ್ಲ ಮುದ್ರಣಗಳೂ ಸೇರಿ ಸುಮಾರು 60 ಲಕ್ಷ ಪ್ರತಿ ಖರ್ಚಾದವು ಎಂಬ ಲೆಕ್ಕವಿದೆ. ಆದರೆ ಕೊಂಡವರೆಲ್ಲ ಓದುಗರಲ್ಲ. ಒಂದು ಪ್ರತಿ ಓದಲು, ಇನ್ನೊಂದು ಚೀಲ ಬಿಚ್ಚದೆ ಕಾಪಿಡಲು ಎಂದು ಕೊಂಡವರು ಬಹಳ. ಮುಂದೆ ಅದು ಚಿನ್ನದ ಬೆಲೆಗೆ ಹೋಗುತ್ತದೆಂಬ ಆಸೆ. ಹಿಂದಿನ ವರ್ಷ ಎದುರಾಳಿ ಪ್ರಕಾಶಕ ಮಾರ್ವೆಲ್‌ನ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಐದು ಮುಖಪುಟಗಳಲ್ಲಿ ಬಂದು 80 ಲಕ್ಷ ಪ್ರತಿ ದಾಟಿದ್ದೂ ಇದೇ ಹುಚ್ಚಿನ ಬಲದಿಂದ.

ಪೆಟ್ಟು ಬಿದ್ದದ್ದು ಅಂಗಡಿಯವರಿಗೆ. ಕಾಮಿಕ್ಸ್ ಅಂಗಡಿಗಳು ತರಿಸಿದ ಪ್ರತಿಗಳನ್ನು ಪ್ರಕಾಶಕರು ವಾಪಸ್ ಪಡೆಯುತ್ತಿರಲಿಲ್ಲ. 1993ರಲ್ಲಿ ಸೂಪರ್‌ಮ್ಯಾನ್ ಮರಳುವ ಕಥೆಗೆಂದು ಕಂತೆಗಟ್ಟಲೆ ತರಿಸಿದ ಸಂಚಿಕೆಗಳು ಅಂಗಡಿಯಲ್ಲೇ ಉಳಿದವು. ನಾಯಕ ಎದ್ದುಬಂದ, ಕೂಡಿಡುವ ಗಿರಾಕಿಗಳು ಬರಲಿಲ್ಲ. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಬೆಲೆ ಏರುವುದಾದರೂ ಹೇಗೆ? ನೂರಾರು ಅಂಗಡಿಗಳು ಬಾಗಿಲು ಹಾಕಿದವು. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಇದಕ್ಕೆದುರಾಗಿ 1986–87ರಲ್ಲಿ ಬಂದ ‘ವಾಚ್‌ಮೆನ್’ ಕಾಮಿಕ್ಸ್ ಸರಣಿಯನ್ನು ನೋಡಿ. ಯಾವ ಚೀಲ, ಪಟ್ಟಿಗಳ ನೆರವಿಲ್ಲದೆ ಅದರ ಸಂಪುಟ ಇಂದಿಗೂ ಮರುಮುದ್ರಣವಾಗುತ್ತಿದೆ. ಸೂಪರ್‌ಮ್ಯಾನ್ ಸಾವಿನ ಕಥೆಯೂ ಪುಸ್ತಕವಾಗಿ ಮಾರುಕಟ್ಟೆಯಲ್ಲಿ ಉಳಿದುಕೊಂಡಿದೆ. ಗಿಮಿಕ್ ಮಾಡುವುದು ತಪ್ಪಲ್ಲ, ಅದರಿಂದ ಮೊದಲ ಪ್ರತಿ ಮಾರಿಹೋಗುತ್ತದೆ. ಮುಂದಿನ ತಿಂಗಳ ಪ್ರತಿಯನ್ನು ಮಾರಬೇಕಾದದ್ದು ಕಥೆಯೇ. ಅದನ್ನು ಮರೆತ ಪ್ರಕಾಶಕನಿಗಿಂತ ಮೊದಲು ಮುಳುಗುವವನು, ಅವನನ್ನು ನಂಬಿ ಬಂಡವಾಳ ಹಾಕಿದ ಅಂಗಡಿಯವನು.