ಡಿಜಿಟಲ್ ಸಹಿಯ ಖಾಸಗಿ ಕೀಲಿ: ಅರ್ಜಿದಾರರ ಗಮನಕ್ಕೆ

ಡಿಜಿಟಲ್ ಸಹಿ ಪ್ರಮಾಣಪತ್ರದ ಖಾಸಗಿ ಕೀಲಿಯು ಯು.ಎಸ್.ಬಿ. ಟೋಕನ್‌ನ ಒಳಗೇ ಇರುತ್ತದೆ. ಗಣಕಯಂತ್ರದಲ್ಲಿ ಅಳವಡಿಸಿದ ಟೋಕನ್ ತಂತ್ರಾಂಶವು ದಾಖಲೆಯ ಸಂಕ್ಷಿಪ್ತ ರೂಪವನ್ನು ಟೋಕನ್‌ಗೆ ಕಳುಹಿಸಿ, ಸಹಿಯನ್ನಷ್ಟೇ ಮರಳಿ ಪಡೆಯುತ್ತದೆ, ಕೀಲಿಯು ಹೊರಬರುವುದಿಲ್ಲ. ಟೋಕನ್ ಮತ್ತು ಪಿನ್ ಎರಡೂ ಅನ್ಯರ ಕೈಸೇರಿದಾಗ ಈ ಭದ್ರತೆ ನಿಷ್ಪ್ರಯೋಜಕವಾಗುತ್ತದೆ. ಅರ್ಜಿ ಭರ್ತಿ ಮಾಡಿಕೊಡುವವರ ಬಳಿ ಇವೆರಡನ್ನೂ ಬಿಟ್ಟುಬರುವ ರೂಢಿಯು ಅನುಕೂಲಕರವೆನಿಸಿದರೂ ಸಲ್ಲದು. ಅವರು ಮಾಡಿದ ಸಹಿಯೂ ಪ್ರಮಾಣಪತ್ರ ಹೊಂದಿರುವವರ ಹೆಸರಿನಲ್ಲಿಯೇ ದಾಖಲಾಗುತ್ತದೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣದ ಮೇರೆಗೆ, ಕೀಲಿಯ ಗೋಪ್ಯತೆಗೆ ಭಂಗ ಬಂದಲ್ಲಿ ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ತಿಳಿಸುವವರೆಗಿನ ಹೊಣೆ ಪ್ರಮಾಣಪತ್ರ ಹೊಂದಿರುವವರದ್ದೇ. ಟೋಕನ್ ಕಳೆದುಹೋದಲ್ಲಿ ಹಳೆಯ ಪ್ರಮಾಣಪತ್ರವನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು. ಕೀಲಿಗೆ ಬೇರೆ ಪ್ರತಿ ಇರುವುದಿಲ್ಲ.