ಫಲಕದ ಮೇಲಿನ ‘ವಿಧ್ಯಾರ್ಥಿ’

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಟ್ಯುಟೋರಿಯಲ್‌ಗಳ ಫ್ಲೆಕ್ಸ್ ಫಲಕಗಳು ಏಳುತ್ತವೆ. ಹಲವೆಡೆ ಆಳೆತ್ತರದ ಅಕ್ಷರಗಳಲ್ಲಿ ಕಾಣುವುದು ‘ವಿಧ್ಯಾರ್ಥಿ’. ವಿದ್ಯೆ ಕಲಿಸುವವರ ಫಲಕದಲ್ಲೇ ವಿದ್ಯೆಗೆ ಈ ಗತಿ! ವಿದ್ಯಾ ಮತ್ತು ಅರ್ಥಿ ಸೇರಿ ವಿದ್ಯಾರ್ಥಿ. ಮಹಾಪ್ರಾಣ ಸಲ್ಲಬೇಕಾದದ್ದು ಕೊನೆಯ ‘ಥ’ಕಾರಕ್ಕೆ ಮಾತ್ರ. ಶುಭ ಮತ್ತು ಆಶಯ ಸೇರಿ ಶುಭಾಶಯ. ‘ಭಾಷೆ’ಯ ನೆನಪಿನಲ್ಲಿ ಬರೆಯುವವರು ಅದನ್ನು ‘ಶುಭಾಷಯ’ ಮಾಡುತ್ತಾರೆ. ಹೃದಯದಿಂದ ಬಂದ ‘ಹಾರ್ದಿಕ’ ಪದ ‘ಹಾರ್ಧಿಕ’ವಾಗುತ್ತದೆ. ಮಹಾಪ್ರಾಣ ನಿಜವಾಗಿ ಬೇಕಾದಲ್ಲಿ ಮಾತ್ರ ಅದು ನಾಪತ್ತೆ: ‘ಉದ್ಗಾಟನೆ’, ‘ಅದ್ಯಕ್ಷರು’. ‘ಧನಸಹಾಯ’ವೇ ‘ದನಸಹಾಯ’ವಾದರೆ, ಸಂಘದವರು ಕೊಟ್ಟಿಗೆಯನ್ನೂ ಕಟ್ಟಿಸಬೇಕಾದೀತು.

ಆಡುಮಾತಿನಲ್ಲಿ ಅನೇಕರು ಮಹಾಪ್ರಾಣ ಉಚ್ಚರಿಸುವುದಿಲ್ಲ, ಅದು ದೋಷವೇನಲ್ಲ. ಆದರೆ ಹಣ ಪಡೆದು ಬರೆಯುವವರಿಗೆ ನಿಘಂಟು ತೆರೆಯಲು ಏನಡ್ಡಿ? ಬಸ್ಸಿಗೆ ಕಾಯುತ್ತ ದಿನವೂ ಆ ಫಲಕ ಓದುವ ಮಗು ಉತ್ತರಪತ್ರಿಕೆಯಲ್ಲೂ ಹಾಗೆಯೇ ಬರೆದು ಅಂಕ ಕಳೆದುಕೊಳ್ಳುತ್ತದೆ.

ಕಂಪ್ಯೂಟರಿನ ಪಾಲೂ ಇದೆಯೆನ್ನಿ. ಯೂನಿಕೋಡ್ ಕನ್ನಡವನ್ನು ಕೂಡಿಸಲು ಬಾರದ ವಿನ್ಯಾಸ ತಂತ್ರಾಂಶದಲ್ಲಿ ಒತ್ತಕ್ಷರ ಬಿಡಿಯಾಗಿ, ‘ಅಕ್ಕಿ’ ಹೋಗಿ ‘ಅಕ್‌ಕಿ’ ಆಗುತ್ತದೆ. ಅದನ್ನು ನೋಡಿಯೂ ಅಚ್ಚಿಗೆ ಕಳಿಸುವುದು ಮನುಷ್ಯರೇ.

ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ಕರ್ನಾಟಕದ 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಅದು ಕನ್ನಡ ಎಷ್ಟೆಂಬ ಲೆಕ್ಕವಾಯಿತು. ಕಾಗುಣಿತ ನೋಡಲು ಅಂಗಡಿಯವರು ಅಚ್ಚಿಗೆ ಮುನ್ನ ಕರಡನ್ನು ಹತ್ತಿರದ ಶಾಲೆಯ ಕನ್ನಡ ಮೇಷ್ಟರಿಗೆ ತೋರಿಸಬಹುದು. ಐದು ನಿಮಿಷದ ಕೆಲಸ, ಖರ್ಚು ಒಂದು ಲೋಟ ಕಾಫಿ.